ಬೌಂಡರಿ ಇಲ್ಲದ ಮೈದಾನ

ಸಿದ್ದಾಪುರದ ಆಚೆಯ ಗಾಲ್ಫ್ ಮೈದಾನಕ್ಕೆ ಬಾಡಿಗೆ ಬಂದರೆ ಈ ಲೋಕೇಶ, ಅಂದರೆ ನಾನು, ಹೋಗುವುದಿಲ್ಲ ಎಂದು ಕುಶಾಲನಗರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಎಂದು ಕೇಳಿದವರಿಲ್ಲ. ನಾನು ಬಿಟ್ಟ ಬಾಡಿಗೆ ಅವರಲ್ಲೇ ಒಬ್ಬರಿಗೆ ಸಿಗುತ್ತದೆ, ಅವರೇಕೆ ಕೇಳುತ್ತಾರೆ. ಕಳೆದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನನ್ನದು ಬಿಟ್ಟು ಬೇರೆ ಕಾರಿರಲಿಲ್ಲ. ಹೊರದೇಶದ ಗಂಡಹೆಂಡತಿ ಬಂದರು. ಉದ್ದನೆಯ ಚೀಲ ಡಿಕ್ಕಿಯಲ್ಲಿ ಹಿಡಿಸದೆ ಹಿಂದಿನ ಸೀಟಿನಲ್ಲಿ ಅಡ್ಡ ಇಟ್ಟುಕೊಂಡು ಕೂತರು. ಬರುವುದಿಲ್ಲ ಎಂದು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಹೇಳುವುದಕ್ಕೂ ಆಯಾಸವಾಯಿತು. ಹೊರಟೆ.

ಮೈದಾನದ ಗೇಟಿನ ಹತ್ತಿರ ಹುಲ್ಲು ಕೊಯ್ಯುವ ಯಂತ್ರ ಓಡುತ್ತಿತ್ತು. ಆಗಷ್ಟೇ ಕೊಯ್ದ ಹಸಿ ಹುಲ್ಲಿನ ವಾಸನೆ, ಅದರ ಜೊತೆ ಒಂದಿಷ್ಟು ಡೀಸೆಲ್ ಹೊಗೆ. ಹಿಂದೆ ಕೂತಿದ್ದ ಹೆಂಗಸು ಕಿಟಕಿ ಇಳಿಸಿ ಉಸಿರೆಳೆದುಕೊಂಡು ಗಂಡನಿಗೆ ಏನೋ ಹೇಳಿ ನಕ್ಕರು. ಅವರು ಆಡಿ ಮುಗಿಸುವ ತನಕ ನಾನು ಕಾರಿನಿಂದ ಕೆಳಗೆ ಕಾಲಿಡಲಿಲ್ಲ. ಊರವರಿಗೆ ಅದು ಹುಲ್ಲಿನ ವಾಸನೆ. ನನಗೆ ಅದು ನನ್ನ ಅಕ್ಕನ ಸೀರೆಯ ವಾಸನೆ. ಒಂದು ಇಡೀ ಚಳಿಗಾಲ ಜೀಪಿನ ಹಿಂಬದಿಯಲ್ಲಿ ಅವಳ ಪಕ್ಕ ಕೂತು, ಆ ವಾಸನೆಯಲ್ಲೇ ತೂಕಡಿಸುತ್ತ ಮನೆಗೆ ಬಂದಿದ್ದೇನೆ.

ನಾವು ಹಾಸನದ ಕಡೆಯಿಂದ ಬಂದವರು. ಅಕ್ಕ ರತ್ನಳನ್ನು ಕೊಡ್ಲಿಪೇಟೆಯ ಬಸವರಾಜು ಎಂಬವರಿಗೆ ಕೊಟ್ಟಿತ್ತು. ಭಾವ ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಮನೆ ಅಲ್ಲಿಯ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ. ಊರಿನಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಅಕ್ಕ ತನ್ನ ಮನೆಗೆ ಕರೆಸಿಕೊಂಡಳು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವಳು ಏಳು ಪಾಸು ಮಾಡಿದವಳು. ಆ ಎರಡು ಕ್ಲಾಸಿನ ಅಂತರ ನಮ್ಮ ಮನೆಯಲ್ಲಿ ದೊಡ್ಡದು. ಬಸ್ಸಿನ ಬೋರ್ಡು ಓದುವವಳು ಅವಳು, ಔಷಧಿಯ ಚೀಟಿ ನೋಡುವವಳು ಅವಳು. ನಾನು ಏನಾದರೂ ತಪ್ಪು ಓದಿದರೆ ಲೈನಿನ ಅರ್ಧ ಜನಕ್ಕೆ ಕೇಳುವಂತೆ ನಗುತ್ತಿದ್ದಳು. ಪ್ರೀತಿಯ ನಗುವೇ. ಆದರೂ ನಗು.

ಆ ವರ್ಷ ಹುತ್ತರಿ ಹಬ್ಬ ಕಳೆದ ಮೇಲೆ ಮೈದಾನದಲ್ಲಿ ಜನ ಬೇಕೆಂದು ಸುದ್ದಿ ಬಂತು. ಕಾಫಿ ಪಿಕಿಂಗ್ ಶುರುವಾಗಿ ಆಳುಗಳೆಲ್ಲ ತೋಟಕ್ಕೆ ಹೋಗಿದ್ದರು. ಹೆಂಗಸರಿಗೆ ಹುಲ್ಲಿನಲ್ಲಿ ಕೂತು ಕಳೆ ಕೀಳುವ ಕೆಲಸ, ಗಂಡಸರಿಗೆ ಆಡುವವರ ಚೀಲ ಹೊರುವ ಕೆಲಸ. ಅಕ್ಕ ಮೊದಲು ಸೇರಿ, ಮಾರನೇ ವಾರ ನನ್ನನ್ನೂ ಸೇರಿಸಿದಳು.

ಅಷ್ಟು ಹಸಿರಾದ ಬಯಲನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗುಡ್ಡದ ನೆತ್ತಿಯಿಂದ ಹುಲ್ಲು ಇಳಿಯುತ್ತ, ಏರುತ್ತ, ಮತ್ತೆ ತಿರುಗುತ್ತ ಹೋಗುತ್ತದೆ. ಅದರ ಅಂಚಿಗೆ ಕಾಫಿ ತೋಟ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಬೆಳಿಗ್ಗೆ ಮಂಜು ಇಳಿದಿರುವಾಗ ಉದ್ದನೆಯ ಬಿದಿರು ಹಿಡಿದು ಹುಲ್ಲಿನ ಮೇಲೆ ಬೀಸಿ ಇಬ್ಬನಿ ಕೆಡವುವುದು ನಮ್ಮ ಮೊದಲ ಕೆಲಸ. ಕಾಲು ಮರಗಟ್ಟುತ್ತಿತ್ತು. ಬಿಸಿಲು ಬಂದ ಮೇಲೆ ಆಟ. ಒಬ್ಬ ಚೀಲ ಹೊತ್ತರೆ ಇನ್ನೊಬ್ಬ ಮುಂದೆ ಹೋಗಿ ದಿಬ್ಬದ ಮೇಲೆ ನಿಂತು, ಚೆಂಡು ಎಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳಬೇಕು. ನನಗೆ ಕಣ್ಣು ಚುರುಕು ಎಂದು ಮುಂದೆ ನಿಲ್ಲುವ ಕೆಲಸ ಕೊಟ್ಟರು.

ಸಂಜೆ ನಮ್ಮನ್ನು ಲೈನಿಗೆ ಬಿಡುವ ಜೀಪಿನಲ್ಲಿ ಅಕ್ಕನ ಪಕ್ಕ ಪಳನಿಯಮ್ಮ ಕೂರುತ್ತಿದ್ದಳು, ತಮಿಳಿನ ಮುದುಕಿ, ಅಕ್ಕನ ಜೊತೆ ಕಳೆ ಕೀಳುವವಳು. ಒಂದು ದಿನ ಅಕ್ಕ ಕೇಳಿದಳು.

"ಲೋ, ಅದೇನೋ ಸಾಹೇಬರೆಲ್ಲ ಒಮ್ಮೊಮ್ಮೆ ಫೋರ್ ಅಂತ ಕೂಗ್ತಾರಲ್ಲ, ಯಾಕೋ?"

ನನಗೆ ಗೊತ್ತಿರಲಿಲ್ಲ. ಸೇರಿ ಕೆಲವೇ ದಿನವಾಗಿತ್ತು. ಆದರೆ ಅಕ್ಕ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಕ್ರಿಕೆಟ್ಟಲ್ಲಿ ಇಲ್ವಾ? ಹಾಗೇ. ಬಾಲು ಚೆನ್ನಾಗಿ ಹೋದ್ರೆ ಫೋರು."

"ಹೌದಾ! ಮತ್ತೆ ಬೌಂಡರಿ ಎಲ್ಲಿ?"

"ಕಾಫಿ ಗಿಡದ ಹತ್ರ."

"ಕಾಫಿ ಗಿಡದೊಳಗೆ ಹೋದ್ರೆ ಬಾಲೇ ಸಿಗಲ್ವಲ್ಲೋ. ಇದ್ಯಾವ ಸೀಮೆ ಆಟ?"

"ದೊಡ್ಡವರ ಆಟ. ನಿಂಗೆ ತಿಳಿಯಲ್ಲ ಬಿಡು."

ಅವಳು ಜೋರಾಗಿ ನಕ್ಕಳು. ಅಕ್ಕನಿಗೆ ಕ್ರಿಕೆಟ್ ಎಂದರೆ ಪ್ರಾಣ. ಲೈನಿನಲ್ಲಿ ಯಾರ ಮನೆಯ ಟಿವಿಯಲ್ಲಿ ಮ್ಯಾಚ್ ಇದ್ದರೂ ಬಾಗಿಲಲ್ಲಿ ನಿಂತು ನೋಡುವವಳು, ಭಾನುವಾರ ಕಾಫಿ ಕಣದಲ್ಲಿ ಮಕ್ಕಳು ಆಡುವಾಗ ಸೆರಗು ಸಿಕ್ಕಿಸಿ ಅಂಪೈರ್ ಆಗುವವಳು. ಪಳನಿಯಮ್ಮನಿಗೆ ತಿರುಗಿ, "ಕೇಳ್ದ್ಯಾ ಅಜ್ಜಿ, ಇಷ್ಟು ದಿನ ಮ್ಯಾಚ್ ನಡೀತಿತ್ತು, ನಾವು ಕಳೆ ಕೀಳ್ತಿದ್ವಿ" ಎಂದಳು. ಅದಾದ ಮೇಲೆ ದೂರದಲ್ಲಿ ಎಲ್ಲಾದರೂ ಫೋರ್ ಎಂದು ಕೂಗು ಕೇಳಿದರೆ ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಳು. ಸಂಜೆ ನನಗೆ ವರದಿ. "ಇವತ್ತು ಎರಡು ಫೋರು ಕಣೋ. ಸಿಕ್ಸ್ ಹೊಡೆಯೋ ಗಂಡಸು ಒಬ್ಬನೂ ಇಲ್ಲ."

ಧನುರ್ಮಾಸದ ಚಳಿಯಲ್ಲಿ ನನಗೆ ಪಾಠವಾಯಿತು. ನಾನು ದಿಬ್ಬದ ಮೇಲೆ ನಿಂತಿದ್ದಾಗ ಹಿಂದಿನಿಂದ ಯಾರೋ ಫೋರ್ ಎಂದು ಕೂಗಿದರು. ನಾನೂ ಅಕ್ಕನ ಹಾಗೆಯೇ ತಲೆ ಎತ್ತಿ ನೋಡಿದೆ. ಚೆಂಡು ನನ್ನ ಕಿವಿಯ ಪಕ್ಕ ಸುಂಯ್ ಎಂದು ಹೋಗಿ ಹುಲ್ಲಿಗೆ ಬಿತ್ತು. ಚೀಲ ಹೊರುವವರಿಗೆಲ್ಲ ಹಿರಿಯನಾದ ಮಲಯಾಳಿ ಮೂಸಾಕ ಓಡಿ ಬಂದು ನನ್ನ ತಲೆಗೆ ಮೊಟಕಿದ.

"ಎಂದಡಾ! ಫೋರ್ ಅಂದ್ರೆ ಏನ್ ಮಾಡ್ಬೇಕು ಗೊತ್ತಿಲ್ವಾ?"

"ನೋಡ್ಬೇಕು. ಬಾಲ್ ಚೆನ್ನಾಗಿ ಹೋಯ್ತು ಅಂತ ಅಲ್ವಾ, ಬೌಂಡರಿ."

ಮೂಸಾಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಪಡಚೋನೇ, ದೇವರೇ! ಇವನಿಗೆ ಬೌಂಡರಿಯಂತೆ! ಫೋರ್ ಅಂದ್ರೆ ಬಾಲ್ ನಿನ್ನ ಮೇಲೆ ಬರ್ತಾ ಇದೆ, ತಲೆ ಬಗ್ಗಿಸಿ ಕೂತ್ಕೋ ಅಂತ. ಲೆಕ್ಕದ ಫೋರ್ ಅಲ್ಲ ಮಾರಾಯ, ಅದು ಬೇರೆ."

ಅಂದಿನಿಂದ ನನ್ನ ಹೆಸರು ಬೌಂಡರಿ ಎಂದಾಯಿತು. ಚಹಾ ಕುಡಿಯಲು ಹೋದರೆ ಬೌಂಡರಿ, ಚೀಲ ಎತ್ತಿದರೆ ಬೌಂಡರಿ. ಒಂದು ವಾರಕ್ಕೆ ಅದು ಕಳೆ ಕೀಳುವ ಹೆಂಗಸರ ಕಿವಿಗೂ ಬಿತ್ತು. ಜೀಪಿನಲ್ಲಿ ಅಕ್ಕ ಕೇಳಿದಳು.

"ನಿನ್ನ ಯಾಕೋ ಎಲ್ಲ ಬೌಂಡರಿ ಬೌಂಡರಿ ಅಂತಾರೆ?"

ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ಆ ಪ್ರಶ್ನೆಯನ್ನು. ನಡೆದದ್ದನ್ನು ಹೇಳಿದ್ದರೆ ಅವಳು ಆ ಜೀಪು ಅಲ್ಲಾಡುವ ಹಾಗೆ ನಗುತ್ತಿದ್ದಳು. ಲೈನಿಗೆ ಹೋಗಿ ಭಾವನಿಗೆ ಹೇಳುತ್ತಿದ್ದಳು, ಭಾವ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಹೇಳುತ್ತಿದ್ದರು. ಎರಡು ದಿನ ನಕ್ಕು ಮರೆಯುತ್ತಿದ್ದರು. ಅಷ್ಟೇ ಆಗುತ್ತಿದ್ದುದು.

"ಬಾಲ್ ದೂರ ಎಸೀತೀನಲ್ಲ, ಅದಕ್ಕೆ" ಎಂದೆ.

"ಪರವಾಗಿಲ್ವೇ ನನ್ನ ತಮ್ಮ" ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು.

ಇದರಿಂದ ಕೆಡುಕಾದೀತು ಎಂದು ನನಗೆ ಅನ್ನಿಸಲಿಲ್ಲ ಎಂದರೆ ಪೂರ್ತಿ ಸುಳ್ಳಾಗುತ್ತದೆ. ಅನ್ನಿಸಿತ್ತು. ಆದರೆ ಹುಲ್ಲಿನಲ್ಲಿ ಕೂತ ಹೆಂಗಸರ ಕಡೆ ಚೆಂಡು ಹೋದರೆ ನಾವು ಕೂಗುತ್ತಿದ್ದುದು ಕನ್ನಡದಲ್ಲಿ. "ಬಾಲ್ ಬಂತು, ಬಗ್ಗೀ!" ಎಂದರೆ ಅವರು ತಲೆ ಬಗ್ಗಿಸುತ್ತಿದ್ದರು. ಫೋರ್ ಎನ್ನುವುದು ಆಡುವವರಿಗೆ ಆಡುವವರು ಕೂಗುವ ಮಾತು. ಅದರ ಅರ್ಥ ಅವಳಿಗೆ ತಿಳಿಯದಿದ್ದರೂ ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಕೆಲವು ಸಲ ಬಾಯಿಯ ತನಕ ಬಂದದ್ದೂ ಉಂಟು. ಅಷ್ಟರಲ್ಲಿ ಅವಳು ಅಂದಿನ ಫೋರುಗಳ ಲೆಕ್ಕ ಶುರುಮಾಡುತ್ತಿದ್ದಳು.

ಶಿವರಾತ್ರಿಗೆ ಸ್ವಲ್ಪ ಮೊದಲು ಪರದೇಶದ ಮುದುಕರೊಬ್ಬರು ಹೆಂಡತಿಯ ಜೊತೆ ಬಂದರು. ನಮ್ಮ ಎಸ್ಟೇಟಿನ ಹತ್ತಿರದ ಹೋಂಸ್ಟೇಯಲ್ಲಿ ಇಳಿದಿದ್ದರು. ಹೋದ ದೇಶದಲ್ಲೆಲ್ಲ ಬೆಟ್ಟದ ಮೇಲಿನ ಮೈದಾನ ಹುಡುಕಿಕೊಂಡು ಹೋಗಿ ಆಡುವುದು ಅವರ ಹವ್ಯಾಸವಂತೆ, ಮೂಸಾಕ ಕೇಳಿ ತಿಳಿದು ಹೇಳಿದ. ಬಹಳ ಒಳ್ಳೆಯ ಮನುಷ್ಯ. ಮೊದಲ ದಿನವೇ ನಮ್ಮ ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡರು. ಹೊಡೆಯುವ ಮೊದಲು ಕೋಲು ನೆಲಕ್ಕೂರಿ ಬೆಟ್ಟಗಳನ್ನು ನೋಡುತ್ತ ನಿಲ್ಲುವರು. ನಿಂತೇ ಇರುವರು. ಹೆಂಡತಿ ಫೋಟೋ ತೆಗೆಯುತ್ತ ಜೊತೆಯಲ್ಲಿ ನಡೆಯುವರು. ದಾರಿಯಲ್ಲಿ ಅಕ್ಕ ಮತ್ತು ಪಳನಿಯಮ್ಮ ಕೂತದ್ದು ಕಂಡು ಕೈ ಬೀಸಿದರು, ಅಕ್ಕನೂ ಬೀಸಿದಳು.

ಅವರು ಬರುವ ಮೊದಲು ಮೂಸಾಕ ನಮಗೆ ಎಚ್ಚರಿಕೆ ಕೊಟ್ಟಿದ್ದ. "ಅತಿಥಿಗಳ ಮುಂದೆ ದನ ಓಡಿಸೋ ಹಾಗೆ ಕಿರುಚಬೇಡಿ. ಮರ್ಯಾದೆಯಾಗಿರಿ." ಅವನು ಅಷ್ಟೇ ಹೇಳಿದ್ದು. ತಪ್ಪನ್ನು ಅವನ ಮೇಲೆ ಹಾಕಲು ನಾನು ಇದನ್ನು ಬರೆಯುತ್ತಿಲ್ಲ.

ಎರಡನೇ ದಿನ. ಹುಲ್ಲು ಕೆಳಗಿಳಿದು ಎಡಕ್ಕೆ ತಿರುಗುವ ಜಾಗ. ನಾನು ತಿರುವಿನ ದಿಬ್ಬದ ಮೇಲೆ ನಿಂತಿದ್ದೆ. ಅಲ್ಲಿಂದ ಮೇಲೆ ಮುದುಕರೂ ಕಾಣುತ್ತಿದ್ದರು, ಕೆಳಗೆ ಬಲಗಡೆ ಅಕ್ಕನೂ ಪಳನಿಯಮ್ಮನೂ ಕಾಣುತ್ತಿದ್ದರು. ಮುದುಕರಿಗೆ ಈ ಹೆಂಗಸರು ಕಾಣುತ್ತಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ಮುದುಕರು ಹೊಡೆದರು. ಚೆಂಡು ನೇರ ಬಂದು, ನಡುವೆ ಬಲಕ್ಕೆ ಬಾಗತೊಡಗಿತು. ಎಲ್ಲಿಗೆ ಹೋಗುತ್ತದೆ ಎಂದು ನನಗೆ ಆಗಲೇ ತಿಳಿಯಿತು, ಅದನ್ನು ನೋಡುವುದೇ ನನ್ನ ಕೆಲಸವಲ್ಲವೆ.

ನಾನು ಕೂಗಿದೆ. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ. "ಫೋರ್!"

ಪಳನಿಯಮ್ಮ ತಲೆ ಎತ್ತಲಿಲ್ಲ. ಅವಳಿಗೆ ಕ್ರಿಕೆಟ್ಟೂ ಗೊತ್ತಿಲ್ಲ, ಗಾಲ್ಫೂ ಗೊತ್ತಿಲ್ಲ. ಅಕ್ಕ ತಲೆ ಎತ್ತಿದಳು. ತಮ್ಮ ಕೂಗಿದ್ದಾನೆ ಎಂದು ಧ್ವನಿಯಿಂದಲೇ ತಿಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು, ನಗುತ್ತ ಆಕಾಶದಲ್ಲಿ ಹುಡುಕಿದಳು. ಆ ನಗುವನ್ನು ನಾನು ದಿಬ್ಬದ ಮೇಲಿನಿಂದ ನೋಡಿದೆ.

ಚೆಂಡು ಅವಳ ಎಡಗಣ್ಣಿಗೆ ಬಿತ್ತು.

ಬಗ್ಗು ಎನ್ನಬಹುದಿತ್ತು. ಅಕ್ಕಾ ಎಂದರೂ ಸಾಕಿತ್ತು, ನನ್ನ ಕಡೆ ತಿರುಗುತ್ತಿದ್ದಳು. ಮೇಲೆ ಪರದೇಶದವರು ನಿಂತಿದ್ದರು, ನನ್ನ ಬಾಯಿಗೆ ಅವರ ಮಾತು ಬಂತು. ಅದು ಹೆದರಿಕೆಯಿಂದ ಬಂತೋ, ನನಗೂ ಗೊತ್ತು ಎಂದು ತೋರಿಸಲು ಬಂತೋ, ಎಷ್ಟು ಸಲ ಕೇಳಿಕೊಂಡರೂ ನನಗೆ ಒಂದೇ ಉತ್ತರ ಸಿಕ್ಕಿಲ್ಲ.

ಸಿದ್ದಾಪುರದಲ್ಲಿ ನೋಡಿ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಡಾಕ್ಟರು ಎಡಗಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದರು. ಮುದುಕರು ತಮ್ಮ ಪ್ರವಾಸ ನಿಲ್ಲಿಸಿ ಆಸ್ಪತ್ರೆಯ ಬೆಂಚಿನ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದರು. ಭಾವನನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಭಾವನಿಗೆ ಏನು ಮಾಡಬೇಕೆಂದು ತಿಳಿಯದೆ ಅವರೂ ನಿಂತೇ ಇರುತ್ತಿದ್ದರು.

ಮೈದಾನದ ಸೆಕ್ರೆಟರಿ ಸಾಹೇಬರು ಬಂದರು. ಅಕ್ಕನ ಮಂಚದ ಸುತ್ತ ನಾವೆಲ್ಲ ಇದ್ದೆವು. ಅರ್ಧ ಮುಖಕ್ಕೆ ಬಟ್ಟೆ ಸುತ್ತಿತ್ತು.

"ನೋಡಮ್ಮ, ನಿನ್ನ ತಮ್ಮ ಕೂಗಿ ಎಚ್ಚರಿಸಿದ್ನಾ, ಇಲ್ವಾ? ಹೆದರ್ಕೋಬೇಡ, ಇದ್ದದ್ದು ಹೇಳು."

ಅಕ್ಕ ಒಂದೇ ಕಣ್ಣಿನಲ್ಲಿ ನನ್ನನ್ನು ಹುಡುಕಿ ನೋಡಿದಳು. ಆಮೇಲೆ ಹೇಳಿದಳು. "ಕೂಗಿದ ಸಾರ್. ನಂಗೇ ಕೇಳಿಸ್ಲಿಲ್ಲ."

ಸಾಹೇಬರು ಅದನ್ನು ಮುದುಕರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಮುದುಕರು ಕಣ್ಣು ಮುಚ್ಚಿ ತಲೆಯಾಡಿಸಿದರು. ಆ ಒಂದು ಮಾತಿನಿಂದ ಮುದುಕರು ಬಚಾವಾದರು, ಮೈದಾನದವರು ಬಚಾವಾದರು, ನಾನು ಬಚಾವಾದೆ. ತಪ್ಪೆಲ್ಲ ಅವಳ ಕಿವಿಯ ಮೇಲೆ ಹೋಯಿತು.

ಎಲ್ಲರೂ ಹೊರಗೆ ಹೋದ ಮೇಲೆ ಅವಳು ನನ್ನನ್ನು ಹತ್ತಿರ ಕರೆದಳು. "ಯಾರ ಹತ್ರಾನೂ ಬಾಯಿ ಬಿಡಬೇಡ. ಮೂಸಾಕ ನಿನ್ನೆ ಬಂದಾಗ ಹೇಳ್ದ, ಫೋರ್ ಅಂದ್ರೆ ಬಗ್ಗು ಅಂತಂತೆ. ನಿಂಗೆ ಪಾಪ ಏನು ಗೊತ್ತು. ಚೆನ್ನಾಗಿ ಹೊಡೆದ್ರು ಅಂತ ಖುಷಿಗೆ ಕೂಗಿದೆ, ನಾನೂ ನೋಡೋಣ ಅಂತ ತಲೆ ಎತ್ತಿದೆ. ಅದು ಗೊತ್ತಾದ್ರೆ ನಿನ್ನ ಕೆಲಸದಿಂದ ತೆಗೀತಾರೆ."

ಅವಳ ಕೈ ನನ್ನ ಕೈ ಮೇಲಿತ್ತು. ನಾನು ತಲೆ ಬಗ್ಗಿಸಿ ಕೂತಿದ್ದೆ. ಅವಳು ಅದನ್ನು ಹೂಂ ಎಂದುಕೊಂಡಳು.

ಲೈನಿಗೆ ವಾಪಸು ಬಂದ ಮೇಲೆ ಅವಳಿಗೆ ಕಿವುಡಿ ಎಂಬ ಹೆಸರು ಬಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಅವಳ ಜೊತೆ ಮಾತಾಡುವವರು ದನಿ ಏರಿಸುತ್ತಿದ್ದರು. ಅವಳು ಮುಖ ಸಿಂಡರಿಸದೆ, ಕೇಳದವಳ ಹಾಗೆ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು. ನನಗೋಸ್ಕರ. ಪಳನಿಯಮ್ಮ ಮಾತ್ರ ಒಂದು ಸಂಜೆ ನನ್ನನ್ನು ಜೀಪಿನ ಹಿಂದೆ ತಡೆದು ನಿಲ್ಲಿಸಿದಳು. "ಏ ಲೋಕೇಸು, ನೀ ಕೂಗಿದ್ದು ಈ ಮುದಿ ಕಿಳವಿಗೇ ಕೇಳ್ತು. ಅವಳಿಗೆ ಕೇಳಿಲ್ವಾ? ಅವಳು ತಲೆ ಎತ್ತಿ ಸಿರಿಚ್ಚಾಳೆ, ನಕ್ಕಿದ್ದಾಳೆ, ನಾನು ನೋಡಿಲ್ವಾ?" ಎಂದಳು. ನಾನು ಜೀಪು ಹತ್ತಿದೆ. ಆ ಜೀಪಿನಲ್ಲಿ ಈಗ ನನ್ನ ಪಕ್ಕದ ಜಾಗ ಖಾಲಿ.

ಅಕ್ಕ ಕಾಫಿ ಬಸಿದರೆ ಲೋಟದ ಹೊರಗೆ ಬೀಳುತ್ತಿತ್ತು. ಹೊಸ್ತಿಲು ದಾಟುವಾಗ ಕಾಲು ಎತ್ತರಕ್ಕೆ ಎತ್ತುತ್ತಿದ್ದಳು, ಕೆಲವು ಸಲ ಎತ್ತದೆ ಎಡವುತ್ತಿದ್ದಳು. ಮಾರ್ಚಿನಲ್ಲಿ ಹೂಮಳೆ ಬಂತು. ಒಂದು ವಾರಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು, ಲೈನಿನ ಒಳಗೂ ಮಲ್ಲಿಗೆಯಂಥ ವಾಸನೆ ತುಂಬಿತು. ಅವಳು ಬಾಗಿಲಲ್ಲಿ ನಿಂತು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮತ್ತೆ ಬಲಕ್ಕೆ ತಿರುಗಿಸಿ ನೋಡಿದಳು. "ಎರಡು ಸಲ ನೋಡಿದ ಹಾಗಾಯ್ತು ಬಿಡು" ಎಂದು ನಕ್ಕಳು. ಆ ತಿಂಗಳ ಕೊನೆಗೆ ನಾನು ಮೈದಾನದ ಕೆಲಸ ಬಿಟ್ಟೆ. ನನ್ನ ಕೆಲಸ ಉಳಿಸಲೆಂದು ಅವಳು ಕಿವುಡಿಯಾದಳು, ನಾನು ಆ ಕೆಲಸವನ್ನೂ ಉಳಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಭಾವನೂ ಎಸ್ಟೇಟು ಬಿಟ್ಟು ಅವಳನ್ನು ಕರೆದುಕೊಂಡು ಕೊಡ್ಲಿಪೇಟೆಯ ತಮ್ಮ ಜಮೀನಿಗೆ ಹೋದರು.

ಹಬ್ಬಕ್ಕೆ, ಮದುವೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಕ್ಕ ತನ್ನ ಮಕ್ಕಳಿಗೆ ಹೇಳುವಳು, "ನಿಮ್ಮ ಮಾವನೂ ಓದಲಿಲ್ಲ, ನಾನೂ ಓದಲಿಲ್ಲ. ಇಬ್ರಿಗೂ ಒಂದು ಪದ ಗೊತ್ತಿಲ್ದೆ ಕಣ್ಣು ಹೋಯ್ತು. ಓದ್ಕೊಳ್ಳಿ." ಮಕ್ಕಳು ನನ್ನನ್ನು ಕನಿಕರದಿಂದ ನೋಡುವರು. ಆ ಕನಿಕರ ನನಗೆ ಹಿತವಾಗಿರುತ್ತಿತ್ತು. ಅದನ್ನೂ ಬರೆದೇ ಬಿಡುತ್ತೇನೆ.

ಕಳೆದ ಫೆಬ್ರವರಿಯಲ್ಲಿ ಆ ಗಂಡಹೆಂಡತಿಯನ್ನು ಇಳಿಸಿ ಬಂದ ಮೇಲೆ ಎರಡು ದಿನ ಕಾರು ತೆಗೆಯಲಾಗಲಿಲ್ಲ. ಮೂರನೇ ದಿನ ಕೊಡ್ಲಿಪೇಟೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕೂತು ಗೊಂಚಲಿನ ಗೆರೆಗಳಿಂದ ಕಾಳುಮೆಣಸು ಬಿಡಿಸುತ್ತಿದ್ದಳು. ತಲೆ ಬಲಕ್ಕೆ ಸ್ವಲ್ಪ ವಾಲಿಸಿಕೊಂಡೇ ಕೂರುವುದು ಈಗ ಅವಳ ಅಭ್ಯಾಸ. ನಾನೂ ಕೂತು ಒಂದಷ್ಟು ಗೆರೆ ಬಿಡಿಸಿದೆ.

"ಅಕ್ಕ, ನಂಗೆ ಗೊತ್ತಿತ್ತು."

"ಏನು?"

"ಫೋರ್ ಅಂದ್ರೆ ಏನು ಅಂತ. ಆವತ್ತು ಖುಷಿಗೆ ಕೂಗಿದ್ದಲ್ಲ. ನೀನು ಬಗ್ಗಲಿ ಅಂತಾನೇ ಕೂಗಿದ್ದು."

ಅವಳ ಕೈ ನಿಂತಿತು. "ಯಾವಾಗ ಗೊತ್ತಾಯ್ತು?"

"ಧನುರ್ಮಾಸದಲ್ಲೇ. ಮೂಸಾಕ ಹೇಳಿದ್ದ. ಅದಕ್ಕೇ ನನ್ನ ಬೌಂಡರಿ ಅಂತ ಆಡ್ಕೊಳ್ತಿದ್ದಿದ್ದು. ನೀನು ನಗ್ತೀಯ ಅಂತ ಹೇಳ್ಲಿಲ್ಲ."

ಅವಳು ಕೈಯಲ್ಲಿದ್ದ ಗೆರೆಯನ್ನು ಪೂರ್ತಿ ಬಿಡಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅಳುತ್ತಾಳೆ, ಅಥವಾ ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೋಗಲಿ ಬಿಡು ಎನ್ನುವುದನ್ನು ಕೇಳಲೆಂದೇ ಅಷ್ಟು ದೂರ ಹೋಗಿದ್ದೆ.

"ನನ್ನ ತಮ್ಮ ದಡ್ಡ, ಅವನೇನು ಮಾಡ್ತಾನೆ ಅಂತಾನೇ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿದಿತ್ತು. "ಇನ್ನು ಏನಂತ ಅಂದ್ಕೊಳ್ಳಲೋ?"

ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದುಕೊಂಡು ಎದ್ದಳು. ಹೊಸ್ತಿಲ ಹತ್ತಿರ ನಿಂತು, ಕಾಲು ಎತ್ತಿ ದಾಟಿ, ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಕೇಳಿದಳು.

"ಊಟ ಮಾಡ್ಕೊಂಡು ಹೋಗ್ತೀಯಾ?"

ನಾನು ಯಾವಾಗ ಹೋದರೂ ಅವಳು ಹಾಗೆ ಕೇಳಿದವಳೇ ಅಲ್ಲ. ತಟ್ಟೆ ಇಟ್ಟು ಕರೆಯುತ್ತಿದ್ದಳು, ಅಷ್ಟೇ. ಹೂಂ ಅನ್ನಲೋ ಬೇಡ ಅನ್ನಲೋ ತಿಳಿಯದೆ, ಹೊರಗಿನವರು ನಿಲ್ಲುವ ಹಾಗೆ ಜಗಲಿಯಲ್ಲೇ ನಿಂತೆ.